ಹಳೆಯ ಗಣಕಯಂತ್ರವನ್ನು ಹೊಸದರೊಳಗೆ ಉಳಿಸುವ ಕ್ರಮ

ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೊಳಗೆ ಶಾಲೆ, ಸಂಘಗಳ ದಾಖಲೆಗಳನ್ನು ನೋಡತಕ್ಕವರು ಇರುವದರಿಂದ ಈ ವಿಷಯವನ್ನು ಬರೆಯುತ್ತೇವೆ. ವಿಂಡೋಸ್ ಎಕ್ಸ್‌ಪಿ ಇರುವ ಯಂತ್ರದಲ್ಲಿ ಹಳೆಯ 'ನುಡಿ'ಯಿಂದ ಬರೆದಿಟ್ಟ ದಾಖಲಾತಿಗಳು ಯೂನಿಕೋಡಿನವಲ್ಲ. ತಕ್ಕ ಫಾಂಟು ಇಲ್ಲದ ಕಡೆ ಕನ್ನಡವು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೋರುವದು. ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಪೋಷಣೆಯಾದರೋ 2014ನೆಯ ಇಸವಿ ಏಪ್ರಿಲ್ 8ಕ್ಕೆ ನಿಂತಿತು. ಪದೇ ಪದೇ ಕರೆಂಟು ಹೋಗುವಲ್ಲಿ ಹಳೆಯ ಡಿಸ್ಕು ಎಂದು ಕೆಟ್ಟೀತೆಂದು ಹೇಳಲಾಗದು. ಆಗ ಜನ್ಮದಿನಾಂಕದ ಪ್ರಮಾಣ ಕೇಳಿ ಬಂದವಳಿಗೆ ಏನು ಕೊಡುವದು?

ಉಪಾಯವಿದೆ. ಡಿಸ್ಕಿನಲ್ಲಿರುವ ಸಮಸ್ತವನ್ನೂ, ವಿಂಡೋಸ್ ಸಹಿತವಾಗಿ, ಒಂದೇ ದೊಡ್ಡ ಕಡತವಾಗಿ ಹೊರಗಿನ ಡಿಸ್ಕಿಗೆ ಇಳಿಸತಕ್ಕದ್ದು. 2009ರಲ್ಲಿ ಹೊರಟ ಡಿಸ್ಕ್2ವಿಹೆಚ್‌ಡಿ ಎಂಬ ಉಚಿತ ಸಾಧನದ ಹಳೆಯ ಆವೃತ್ತಿಯು, ಯಂತ್ರವು ನಡೆಯುತ್ತಿರುವಾಗಲೇ ಇದನ್ನು ಮಾಡುವದು. ಆ ಕಡತವನ್ನು ಹೊಸ ಯಂತ್ರದ ವರ್ಚುವಲ್‌ಬಾಕ್ಸಿಗೆ ಡಿಸ್ಕಾಗಿ ಜೋಡಿಸಿದರೆ, ಹಳೆಯ ಯಂತ್ರವು ಪರದೆಯ ಒಂದು ಕಿಟಕಿಯೊಳಗೆ ಎದ್ದು ನಡೆಯುವದು. ಇದನ್ನೇ ವರ್ಚುವಲ್ ಮೆಷಿನ್ ಎನ್ನುವರು.

ಮೊದಲ ಸಾರಿ ನೀಲಿ ಪರದೆ ಕಂಡರೆ ಗಾಬರಿ ಬೇಡ. ಎಕ್ಸ್‌ಪಿಯು ಸಾಟಾ ಡಿಸ್ಕನ್ನು ತಾನಾಗಿ ಅರಿಯದು. ಜೋಡಣೆಯನ್ನು ಐಡಿಇ ಎಂದು ಬದಲಾಯಿಸಿದರೆ ಬಹಳ ಸಾರಿ ಸರಿಹೋಗುವದು. ಒಳಗಿನ ಯಂತ್ರಕ್ಕೆ ಇಂಟರ್ನೆಟ್ಟನ್ನು ಕೊಡಬಾರದು. ಒಂದು ಪ್ರಮಾಣಪತ್ರವು ಕಾಗದದ ಮೇಲೆ ಸರಿಯಾಗಿ ಮುದ್ರಿತವಾಗುವ ತನಕ ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಹಾಕದಿರಿ.