ಇಫ್ ಮತ್ತು ವೆದರ್

ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯು ರೇಷ್ಮೆ ಸೀರೆಗಳ ನೇಯ್ಗೆಗೆ ಹೆಸರಾದ ಊರು. ಅಲ್ಲಿಯ ನೇಕಾರರೊಬ್ಬರಿಗೆ ಪರಸ್ಥಳದ ವರ್ತಕನಿಂದ ‘ಲೆಟ್ ಮಿ ನೋ ಇಫ್ ದಿ ಸ್ಯಾರಿ ಈಸ್ ರೆಡಿ’ ಎಂಬ ಪತ್ರ ಬಂದಿತೆಂದು ಭಾವಿಸೋಣ. ಸೀರೆ ಇನ್ನೂ ಮಗ್ಗದ ಮೇಲಿದೆ. ಉತ್ತರ ಬರೆಯಬೇಕೆ, ಬೇಡವೆ?

‘ಸಿದ್ಧವಾಗಿದ್ದರೆ ತಿಳಿಸಿ’ ಎಂದು ತಿಳಿದರೆ ಸುಮ್ಮನಿರಬಹುದು. ‘ಸಿದ್ಧವಾಗಿದೆಯೋ ಇಲ್ಲವೋ ತಿಳಿಸಿ’ ಎಂದಾದರೆ ಉತ್ತರ ಬರೆಯಲೇಬೇಕು. ಬರೆಯದಿದ್ದರೆ ವರ್ತಕನ ವಿಶ್ವಾಸವೇ ಹೋದೀತು! ನಮ್ಮ ನುಡಿಯಲ್ಲಿ ಈ ಗೊಂದಲವಿಲ್ಲ; ‘-ರೆ’ ಪಕ್ಷಾರ್ಥವನ್ನೂ ‘-ಓ’ ಸಂಶಯವನ್ನೂ ಬೇರೆ ಬೇರೆಯಾಗಿ ಹೇಳುತ್ತವೆ. ಆ ಗಡಿಯೂರಿನ ನೆರೆನುಡಿಯಾದ ತೆಲುಗಿನಲ್ಲಿಯೂ ಹೀಗೆಯೇ. ಇಂಗ್ಲಿಷಿನ ‘ಇಫ್’ ಎರಡು ಕೆಲಸವನ್ನೂ ಮಾಡುತ್ತದೆ. ಆದುದರಿಂದ ನಾವು ಮೊದಲು ಕನ್ನಡದಲ್ಲಿ ವಾಕ್ಯ ಕಟ್ಟಿ ನೋಡೋಣ: ‘-ರೆ’ ಬಂದಲ್ಲಿ ‘ಇಫ್’, ‘-ಓ ಇಲ್ಲವೋ’ ಬಂದಲ್ಲಿ ‘ವೆದರ್’. (ಹವೆಯನ್ನು ಸೂಚಿಸುವ ‘ವೆದರ್’ ಬೇರೆ!) ‘ವೆದರ್ ಟು ಗೋ’ ಎನ್ನಬಹುದು, ‘ಇಫ್ ಟು ಗೋ’ ಎಂದರೆ ಸಲ್ಲದು.