ಎಂಜಿನ್ ಆಯಿಲ್ ಮುಚ್ಚಳ: ತೆಗೆದು ತಿರುಗಿಸಿ ನೋಡಿದ್ದೀರಾ?

ಕಾರಿನ ಬಾನೆಟ್ ಎತ್ತಿದರೆ ಎಂಜಿನ್ನಿನ ನೆತ್ತಿಯ ಮೇಲೆ ಎಣ್ಣೆ ಕ್ಯಾನಿನ ಚಿತ್ರ ಇರುವ ಪ್ಲಾಸ್ಟಿಕ್ ಮುಚ್ಚಳವೊಂದು ಕಾಣುತ್ತದೆ. ಕೆಲವದರ ಮೇಲೆ ಎಂಥ ಆಯಿಲ್ ಹಾಕಬೇಕು ಅಂತಲೂ ಬರೆದಿರುತ್ತದೆ. ಸರ್ವೀಸ್ ಹೊತ್ತಿನಲ್ಲಿ ತೆಗೆಯುತ್ತಾರೆ, ಆಯಿಲ್ ಸುರಿಯುತ್ತಾರೆ, ಮತ್ತೆ ಹಾಕುತ್ತಾರೆ, ಮುಗೀತು. ಮೆಕ್ಯಾನಿಕಲ್ ಓದುವ ನಾವು ಕೂಡ ಓಟೋ ಸೈಕಲ್‌ನ ಚಿತ್ರ ಬರೆದು ಮಾರ್ಕ್ಸ್ ತಗೊಂಡಿದ್ದೀವಿ. ಈ ಮುಚ್ಚಳದ ಬಗ್ಗೆ ಯಾವ ಪೇಪರ್‌ನಲ್ಲೂ ಪ್ರಶ್ನೆ ಬಂದಿಲ್ಲ. ಆದರೆ ಹಳೇ ಕಾರು ಕೊಳ್ಳಲು ಹೋದಾಗ, ವಿಷಯ ಗೊತ್ತಿದ್ದವರು ಮೊದಮೊದಲೇ ಕೈ ಹಾಕುವುದು ಇದಕ್ಕೆ.

ಕಾರಣ ಇದೆ. ಸಿಲಿಂಡರಿನಲ್ಲಿ ಪೆಟ್ರೋಲ್ ಉರಿದಾಗ ಅಷ್ಟೂ ಅನಿಲ ಸೈಲೆನ್ಸರ್ ದಾರಿ ಹಿಡಿಯುವುದಿಲ್ಲ. ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳ ಸಂದಿಯಿಂದ ನುಸುಳಿ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಇದಕ್ಕೆ ಬ್ಲೋ-ಬೈ ಅನ್ನುತ್ತಾರೆ. ಅದನ್ನು ಹಾಗೇ ಬಿಟ್ಟರೆ ಒತ್ತಡ ಏರಿ ಸೀಲುಗಳಿಂದ ಆಯಿಲ್ ಹೊರಗೆ ಬರುತ್ತದೆ. ಅದಕ್ಕೇ ಪಿಸಿವಿ ಅನ್ನುವ ವಾಲ್ವ್ ಇಟ್ಟು, ಆ ಅನಿಲವನ್ನು ಇನ್‌ಟೇಕ್ ಕಡೆಗೆ ಎಳೆದು ಮತ್ತೆ ಉರಿಸುತ್ತಾರೆ. ಈ ವ್ಯವಸ್ಥೆ ಕೆಲಸ ಮಾಡಬೇಕಾದರೆ ಎಂಜಿನ್ ಮೇಲಿನ ಬಾಯಿ ಬಿಗಿಯಾಗಿ ಮುಚ್ಚಿರಬೇಕು. ಆ ಬಾಯಿಗೇ ನಮ್ಮ ಮುಚ್ಚಳ.

ನಿಜವಾಗಿ ಮುಚ್ಚುವುದು ಪ್ಲಾಸ್ಟಿಕ್ ಅಲ್ಲ, ಅದರ ಅಡಿಯಲ್ಲಿರುವ ರಬ್ಬರ್ ರಿಂಗು. ಮನೆಯ ಕುಕ್ಕರ್ ಗ್ಯಾಸ್ಕೆಟ್ ನೆನಪು ಮಾಡಿಕೊಳ್ಳಿ: ಹಳೇದಾದರೆ ಗಟ್ಟಿಯಾಗಿ, ಚಪ್ಪಟೆಯಾಗಿ, ಪಕ್ಕದಿಂದ ಹಬೆ ಬಿಡುತ್ತದೆ. ಇಲ್ಲೂ ಅದೇ ಕತೆ. ಕಾದು ಆರಿ, ಕಾದು ಆರಿ ರಬ್ಬರ್ ಸಾಯುತ್ತದೆ. ಆಗ ಮುಚ್ಚಳದ ಸುತ್ತ ಜಿಡ್ಡು, ಅದಕ್ಕೆ ಅಂಟಿದ ಧೂಳು. ಸೋರಿದ ಆಯಿಲ್ ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಸುಟ್ಟ ವಾಸನೆ. ಒಳಗೆ ಬರುವ ಗಾಳಿಯನ್ನು ಮಾಫ್ ಸೆನ್ಸರ್ ಅಳೆಯುವ ಎಂಜಿನ್‌ಗಳಲ್ಲಿ ಇನ್ನೊಂದು ತಾಪತ್ರಯ: ಈ ಸಂದಿಯಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗಿ, ಐಡಲಿಂಗ್ ಏರಿಳಿದು, ಚೆಕ್ ಎಂಜಿನ್ ದೀಪ ಹತ್ತಿಕೊಳ್ಳಬಹುದು.

ನೋಡುವುದು ಹೇಗೆ? ಕಾರನ್ನು ಸಮತಟ್ಟಾದ ಕಡೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಆರಲು ಬಿಡಿ. ರೇಡಿಯೇಟರ್ ಮುಚ್ಚಳ ಇದಲ್ಲ. ಬಿಸಿಯಿದ್ದಾಗ ಅದನ್ನು ಮುಟ್ಟಿದರೆ ಕುದಿಯುವ ನೀರು ಮುಖಕ್ಕೇ. ಸುತ್ತಲಿನ ಧೂಳನ್ನು ಮೊದಲು ಒರೆಸಿ, ಆಮೇಲೆ ತಿರುಗಿಸಿ ತೆಗೆಯಿರಿ. ರಬ್ಬರನ್ನು ಉಗುರಿನಿಂದ ಒತ್ತಿ ನೋಡಿ. ಒಳಗೆ ಇಳಿದು ವಾಪಸ್ ಬಂದರೆ ಸರಿ. ಬಿರುಕು ಇದ್ದರೆ, ಪ್ಲಾಸ್ಟಿಕ್ ಥರ ಗಡುಸಾಗಿದ್ದರೆ ಬದಲಾಯಿಸಿ.

ಈಗ ಮುಚ್ಚಳ ತಿರುಗಿಸಿ ಅಡಿಭಾಗ ನೋಡಿ. ಕಂದು ಬಣ್ಣದ ತೆಳು ಎಣ್ಣೆ ಇದ್ದರೆ ಮಾತೇ ಇಲ್ಲ. ಹಾಲು ಜಾಸ್ತಿಯಾದ ಕಾಫಿಯ ಬಣ್ಣದಲ್ಲಿ, ಬೆಣ್ಣೆಯ ಹಾಗೆ ಮೆತ್ತಿಕೊಂಡಿದ್ದರೆ ಮಾತ್ರ ಎಲ್ಲರೂ ಗಾಬರಿಯಾಗುತ್ತಾರೆ. ನಮ್ಮ ಗೆಳೆಯನೊಬ್ಬನ ಮನೆ ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ಅವರ ಕಾರಿನ ಮುಚ್ಚಳದಲ್ಲಿ ಇದು ಕಂಡಿತು. ಒಂದು ಗ್ಯಾರೇಜಿನವರು "ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು" ಅಂದುಬಿಟ್ಟರು. ಸಾವಿರಗಟ್ಟಲೆ ಖರ್ಚಿನ ಮಾತು. ಅವನ ಸೆಮಿಸ್ಟರ್ ಫೀ ಕಟ್ಟುವ ತಿಂಗಳು ಬೇರೆ.

ಹೆಡ್ ಗ್ಯಾಸ್ಕೆಟ್ ಹೋದರೆ ಕೂಲಂಟ್ ಆಯಿಲಿಗೆ ಸೇರಿ ಹೀಗಾಗುವುದು ನಿಜ. ಆದರೆ ನೀರು ಬರುವುದಕ್ಕೆ ಇನ್ನೊಂದು ದಾರಿಯೂ ಇದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ. ನಂಬಿಕೆ ಬರದಿದ್ದರೆ ಆಕ್ಟೇನ್ ಉರಿಯುವ ಸಮೀಕರಣ ಬರೆದು ನೋಡಿ, 114 ಗ್ರಾಂ ಆಕ್ಟೇನ್‌ಗೆ 162 ಗ್ರಾಂ ನೀರು. ಅದರಲ್ಲಿ ಚೂರುಪಾರು ಬ್ಲೋ-ಬೈ ಜೊತೆ ಕೆಳಗಿಳಿಯುತ್ತದೆ. ದೂರ ಓಡಿಸಿದರೆ ಆಯಿಲ್ ಚೆನ್ನಾಗಿ ಕಾದು ಆ ನೀರು ಆವಿಯಾಗಿ ಹೋಗುತ್ತದೆ. ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ? ಬಿಸಿ ಅನ್ನದ ಪಾತ್ರೆಯ ಮುಚ್ಚಳದಲ್ಲಿ ಹನಿ ಕಟ್ಟುವ ಹಾಗೆ, ಎಂಜಿನ್ನಿನ ತಣ್ಣಗಿನ ಜಾಗವಾದ ಈ ಮುಚ್ಚಳದಲ್ಲೇ ನೀರು ಕಟ್ಟಿ ಎಣ್ಣೆಯ ಜೊತೆ ಕಡೆದುಕೊಳ್ಳುತ್ತದೆ.

ಗೆಳೆಯನ ತಂದೆ ಕಾರು ಓಡಿಸುತ್ತಿದ್ದದ್ದು ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಶುದ್ಧ. ಕೂಲಂಟ್ ಡಬ್ಬಿಗೆ ಗುರುತು ಹಾಕಿ ವಾರ ನೋಡಿದರು, ಇಳಿದಿರಲಿಲ್ಲ. ಬಿಳಿ ಹೊಗೆ ಇಲ್ಲ, ಟೆಂಪರೇಚರ್ ಮುಳ್ಳು ಏರಿಲ್ಲ. ಮುಚ್ಚಳ ಒರೆಸಿ ಶಿವಮೊಗ್ಗಕ್ಕೆ ಹೋಗಿಬಂದರು. ಬೆಣ್ಣೆ ಮತ್ತೆ ಕಟ್ಟಲಿಲ್ಲ. ಇದರ ಬದಲು ಡಿಪ್‌ಸ್ಟಿಕ್ಕಿನಲ್ಲೂ ಅದೇ ಬಣ್ಣ ಇದ್ದು, ಕೂಲಂಟ್ ಇಳಿಯುತ್ತಿದ್ದರೆ ಮಾತ್ರ ಕಾರನ್ನು ಸ್ಟಾರ್ಟ್ ಕೂಡ ಮಾಡಬೇಡಿ. ಗ್ಯಾರೇಜಿಗೆ ಎಳೆಸಿಕೊಂಡೇ ಹೋಗಿ.

ಬದಲಾಯಿಸುವುದು ಐದು ನಿಮಿಷದ ಕೆಲಸ. ಕೆಲವಕ್ಕೆ ಬರೀ ರಬ್ಬರ್ ಸಿಗುತ್ತದೆ, ಇಲ್ಲದಿದ್ದರೆ ಇಡೀ ಮುಚ್ಚಳ ತಗೊಳ್ಳಿ. ಅಂಗಡಿಗೆ ಹಳೇದನ್ನೂ ಕಾರಿನ ಮಾಡೆಲ್, ವರ್ಷದ ವಿವರವನ್ನೂ ಒಯ್ಯಿರಿ. ನೋಡೋಕೆ ಒಂದೇ ಥರ ಇದ್ದರೂ ಹಲ್ಲು, ಆಳ ಬೇರೆ ಇರುತ್ತವೆ. ಎಂಜಿನ್ ಬಾಯಿಯ ಅಂಚನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ, ಕಸ ಒಳಗೆ ಬೀಳಬಾರದು. ಹೊಸ ರಬ್ಬರಿಗೆ ಒಂದು ತೊಟ್ಟು ಆಯಿಲ್ ಸವರಿ, ಕೈಯಲ್ಲೇ ಬಿಗಿ ಮಾಡಿ. ಪ್ಲೈಯರ್ ಬೇಡ, ಪ್ಲಾಸ್ಟಿಕ್ ಸೀಳುತ್ತದೆ. ಮುಚ್ಚಳ ದಾರಿಯಲ್ಲಿ ಕಳೆದುಹೋದರೆ ಬಟ್ಟೆ ತುರುಕಿ ಓಡಿಸುವವರಿದ್ದಾರೆ. ಎಣ್ಣೆ ಕುಡಿದ ಬಟ್ಟೆ, ಪಕ್ಕದಲ್ಲಿ ಕಾದ ಎಕ್ಸಾಸ್ಟ್. ದೀಪದ ಬತ್ತಿಗೂ ಅದಕ್ಕೂ ಏನು ವ್ಯತ್ಯಾಸ?

ಹೊಸದು ಹಾಕಿದ ಮೇಲೆ ಸುತ್ತ ಪೂರ್ತಿ ಒರೆಸಿ, ಎರಡು ದಿನ ಓಡಿಸಿ ಮತ್ತೆ ನೋಡಿ. ಆಗಲೂ ಜಿಡ್ಡು ಬಂದಿದ್ದರೆ ಸೋರುತ್ತಿರುವುದು ಬಹುಶಃ ಕೆಳಗಿನ ವಾಲ್ವ್ ಕವರ್ ಗ್ಯಾಸ್ಕೆಟ್, ಇಲ್ಲವೇ ಪಿಸಿವಿ ಕಟ್ಟಿಕೊಂಡು ಒತ್ತಡ ಏರಿದೆ. ಮೆಕ್ಯಾನಿಕ್ ಹತ್ತಿರ ಅದನ್ನೇ ಹೆಸರು ಹಿಡಿದು ಕೇಳಿ.