ಫಾಸ್ಟ್ ಚಾರ್ಜಿಂಗ್ ಪೋರ್ಟಿಗೆ 1,10,000 ಯೆನ್: ಕೊಡಬೇಕೆ, ಬಿಡಬೇಕೆ?

ಹೋಂಡಾ ಕಂಪನಿ 2024ರ ಅಕ್ಟೋಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಿಟ್ಟ ‘ಎನ್-ವ್ಯಾನ್ ಇ’ ಎಂಬ ಪುಟ್ಟ ಎಲೆಕ್ಟ್ರಿಕ್ ವ್ಯಾನಿನ ದರಪಟ್ಟಿಯಲ್ಲಿ ಒಂದು ಸಾಲಿಗೆ ಬಂದಾಗ ಕೊಳ್ಳುವವರು ಯೋಚನೆಗೆ ಬೀಳುತ್ತಾರೆ. ಅದರ ಕೆಲವು ಮಾದರಿಗಳಲ್ಲಿ ಫಾಸ್ಟ್ ಚಾರ್ಜಿಂಗ್ ಪೋರ್ಟ್ ಬೇಕೆಂದರೆ ಬೇರೆಯಾಗಿ 1,10,000 ಯೆನ್ ತೆರಬೇಕು. ನಮ್ಮ ಲೆಕ್ಕದಲ್ಲಿ ಅರವತ್ತು ಸಾವಿರ ರೂಪಾಯಿಯ ಆಸುಪಾಸು. ಬೇಡ ಎಂದರೆ ಅದಿಲ್ಲದ ಗಾಡಿ ಬರುತ್ತದೆ, ಮನೆಯ ಪ್ಲಗ್ಗಿನಿಂದಷ್ಟೇ ಚಾರ್ಜ್ ಆಗುತ್ತದೆ. ಕಾರ್ಖಾನೆಯಲ್ಲೇ ಹಾಕುವ ಪೋರ್ಟ್ ಆದ್ದರಿಂದ ಆರ್ಡರ್ ಕೊಡುವ ದಿನವೇ ತೀರ್ಮಾನ ಆಗಿಬಿಡಬೇಕು.

ಟೋಕಿಯೋದ ಪಶ್ಚಿಮಕ್ಕೆ, ಕನಗಾವಾ ಪ್ರಾಂತ್ಯದ ಉತ್ತರದ ಅಂಚಿನಲ್ಲಿರುವ ಸಗಮಿಹಾರಾ ಈ ಪ್ರಶ್ನೆಯನ್ನು ತೂಗಿ ನೋಡಲು ಹೇಳಿ ಮಾಡಿಸಿದ ಊರು. ಏಳು ಲಕ್ಷ ದಾಟಿದ ಜನ. ದಕ್ಷಿಣದ ಮಿನಾಮಿ ವಾರ್ಡಿನಲ್ಲಿ ರೈಲು ನಿಲ್ದಾಣದ ಸುತ್ತ ಒತ್ತೊತ್ತಾದ ಫ್ಲಾಟುಗಳು. ಪಶ್ಚಿಮದ ಮಿದೋರಿ ವಾರ್ಡಿನಲ್ಲಿ ಬೆಟ್ಟ, ಕಣಿವೆ, ಅಣೆಕಟ್ಟು, ಅಂಗಳವಿರುವ ಮನೆಗಳು. ಪಕ್ಕದ ಜಾಮಾ ಊರಿನಲ್ಲೇ 2010ರ ಡಿಸೆಂಬರಿನಲ್ಲಿ ಬಂದ ಮೊದಲ ನಿಸ್ಸಾನ್ ಲೀಫ್ ಕಾರಿನ ಬ್ಯಾಟರಿ ತಯಾರಾದದ್ದು. ಇಷ್ಟು ಹತ್ತಿರದಲ್ಲಿ ಇವಿ ಬ್ಯಾಟರಿ ಹುಟ್ಟಿದ ಸೀಮೆಯಲ್ಲೂ ಫಾಸ್ಟ್ ಚಾರ್ಜಿಂಗ್ ಬಗ್ಗೆ ಹಬ್ಬಿರುವ ಮಾತುಗಳು ಬೆಂಗಳೂರಿನಲ್ಲಿ ಕೇಳುವ ಮಾತುಗಳೇ.

‘ಫಾಸ್ಟ್ ಚಾರ್ಜಿಂಗ್ ಇಲ್ಲದ ಇವಿ ಅರ್ಧ ಕಾರು’

ಈ ಮಾತು ಪೆಟ್ರೋಲ್ ಬಂಕಿನ ಅಭ್ಯಾಸದಿಂದ ಬಂದದ್ದು. ಟ್ಯಾಂಕ್ ಖಾಲಿಯಾದಾಗ ಎಲ್ಲೋ ಹೋಗಿ ತುಂಬಿಸಿಕೊಂಡು ಬರುವುದು ಎಂಬ ಲೆಕ್ಕ. ಇವಿ ಮಟ್ಟಿಗೆ, ನಿಂತ ಕಡೆಯೇ ತುಂಬುವುದು ಮಾಮೂಲು. ಎನ್-ವ್ಯಾನ್ ಇ ಬ್ಯಾಟರಿ 29.6 ಯೂನಿಟ್ಟಿನದು, ಒಮ್ಮೆ ತುಂಬಿದರೆ ಪರೀಕ್ಷಾ ಲೆಕ್ಕದಲ್ಲಿ 245 ಕಿಲೋಮೀಟರ್. ಮನೆಯ ಗೋಡೆಗೆ 200 ವೋಲ್ಟಿನ, 3 ಕಿಲೋವ್ಯಾಟಿನ ಪಾಯಿಂಟ್ ಹಾಕಿಸಿಕೊಂಡರೆ ರಾತ್ರಿ ಎಂಟು ಗಂಟೆಯಲ್ಲಿ 24 ಯೂನಿಟ್ ಒಳಹೋಗುತ್ತದೆ. 6 ಕಿಲೋವ್ಯಾಟಿನದಾದರೆ ನಾಲ್ಕೂವರೆ ಗಂಟೆಯಲ್ಲಿ ಪೂರ್ತಿ ತುಂಬುತ್ತದೆ. ಸಗಮಿಹಾರಾದ ಹಶಿಮೊಟೊದಿಂದ ಟೋಕಿಯೋದ ಶಿಂಜುಕುವಿಗೆ ಹೋಗಿ ಬರಲು ನೂರು ಕಿಲೋಮೀಟರ್ ಕೂಡ ಆಗುವುದಿಲ್ಲ.

ಸರಕಾರದ ಯೋಜನೆಯೂ ಇದನ್ನೇ ಹೇಳುತ್ತದೆ. 2023ರ ಅಕ್ಟೋಬರಿನಲ್ಲಿ ಜಪಾನಿನ ಆರ್ಥಿಕ, ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯ 2030ರೊಳಗೆ 3 ಲಕ್ಷ ಚಾರ್ಜಿಂಗ್ ಪಾಯಿಂಟುಗಳ ಗುರಿ ಇಟ್ಟಿತು. ಅದರಲ್ಲಿ ಫಾಸ್ಟ್ ಚಾರ್ಜರುಗಳು 30,000. ಹತ್ತರಲ್ಲಿ ಒಂದು!

ಆದರೆ ಮನೆಯಲ್ಲಿ ಪ್ಲಗ್ ಇದ್ದರೆ ಮಾತ್ರ ಈ ಲೆಕ್ಕ. ಜಪಾನಿನಲ್ಲಿ ಕಾರಿಟ್ಟುಕೊಳ್ಳುವವರು ಅದನ್ನು ನಿಲ್ಲಿಸುವ ಜಾಗ ಎಲ್ಲಿದೆ ಎಂದು ಪೊಲೀಸ್ ಠಾಣೆಗೆ ತೋರಿಸಬೇಕು. ಜಾಗ ಮನೆಯಿಂದ 2 ಕಿಲೋಮೀಟರ್ ಒಳಗಿರಬೇಕು. ಹಾಗಾಗಿ ಫ್ಲಾಟಿನವರು ತಿಂಗಳ ಬಾಡಿಗೆಗೆ ಎಲ್ಲೋ ಒಂದು ಪಾರ್ಕಿಂಗ್ ಹಿಡಿದಿರುತ್ತಾರೆ. ಜಾಗ ಸಿಕ್ಕಿತೆಂದರೆ ಕರೆಂಟ್ ಸಿಕ್ಕಿತು ಎಂದಲ್ಲ. ಟೋಕಿಯೋ ಆಡಳಿತ 2025ರ ಏಪ್ರಿಲಿನಿಂದ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಚಾರ್ಜಿಂಗ್ ವ್ಯವಸ್ಥೆ ಕಡ್ಡಾಯ ಮಾಡಿದೆ. ಆ ನಿಯಮ ಪಕ್ಕದ ಮಚಿದಾವರೆಗೆ ಬಂದು ಅಲ್ಲಿಗೇ ನಿಲ್ಲುತ್ತದೆ. ರಸ್ತೆ ದಾಟಿದರೆ ಕನಗಾವಾ. ಪ್ಲಗ್ ಇಲ್ಲದ ಬಾಡಿಗೆ ಪಾರ್ಕಿಂಗಿನವರಿಗೆ ಫಾಸ್ಟ್ ಚಾರ್ಜಿಂಗ್ ಐಚ್ಛಿಕವೇನಲ್ಲ, ದಿನದ ಅನ್ನ. ಅಂಥವರು ಪೋರ್ಟಿನ ಬೆಲೆಯ ಬಗ್ಗೆ ತಲೆ ಕೆಡಿಸಿಕೊಳ್ಳುವ ಮೊದಲು, ಈಗಲೇ ಇವಿ ಬೇಕೇ ಎಂದು ಯೋಚಿಸುವುದು ಒಳ್ಳೆಯದು. ಯಾಕೆಂದರೆ ಅವರನ್ನು ಹೆಚ್ಚು ಸುಡುವುದು ಪ್ರತಿ ಸಲದ ಬಿಲ್ಲು.

‘ಹೇಗೂ ಪೆಟ್ರೋಲಿಗಿಂತ ಅಗ್ಗವೇ’

ಜಪಾನಿನಲ್ಲಿ ಸಾರ್ವಜನಿಕ ಫಾಸ್ಟ್ ಚಾರ್ಜರುಗಳ ಹಣ ಬಹುಕಾಲದಿಂದ ನಿಮಿಷದ ಲೆಕ್ಕದಲ್ಲಿ. ಒಂದು ಸಲಕ್ಕೆ 30 ನಿಮಿಷ ಮಿತಿ. ಹಿಂದೆ ಕಾಯುವವರು ಇರುತ್ತಾರಲ್ಲ! ಎಷ್ಟು ಕರೆಂಟ್ ಹೋಯಿತು ಎಂಬುದಕ್ಕೂ ಬಿಲ್ಲಿಗೂ ಸಂಬಂಧವಿಲ್ಲ. ಇದು ಎಷ್ಟು ವಿಚಿತ್ರ ಎಂಬುದು ಲೆಕ್ಕ ಹಾಕಿದಾಗಲೇ ತಿಳಿಯುವುದು.

ನಿಮಿಷಕ್ಕೆ 30 ಯೆನ್ ಎಂದಿಟ್ಟುಕೊಳ್ಳೋಣ. ಅರ್ಧ ಗಂಟೆಗೆ 900 ಯೆನ್. ದೊಡ್ಡ ಬ್ಯಾಟರಿಯ, ಸರಾಸರಿ 90 ಕಿಲೋವ್ಯಾಟ್ ಎಳೆದುಕೊಳ್ಳುವ ಕಾರಿಗೆ ಅಷ್ಟರಲ್ಲಿ 45 ಯೂನಿಟ್ ಸಿಗುತ್ತದೆ. ಯೂನಿಟ್ಟಿಗೆ 20 ಯೆನ್. ಮನೆಯ ಕರೆಂಟೇ ಯೂನಿಟ್ಟಿಗೆ 30 ಯೆನ್ ಆಸುಪಾಸು ಇರುವ ಊರಿನಲ್ಲಿ ಇದು ಮನೆಗಿಂತ ಅಗ್ಗ. ಅದೇ ಪಾಯಿಂಟಿಗೆ, ಸರಾಸರಿ 20 ಕಿಲೋವ್ಯಾಟಷ್ಟೇ ತೆಗೆದುಕೊಳ್ಳುವ ಪುಟ್ಟ ಕಾರು ಬಂದರೆ? 900 ಯೆನ್ನಿಗೆ 10 ಯೂನಿಟ್. ಯೂನಿಟ್ಟಿಗೆ 90 ಯೆನ್. ಒಂದು ಯೂನಿಟ್ಟಿಗೆ 8 ಕಿಲೋಮೀಟರ್ ಓಡಿದರೂ ಕಿಲೋಮೀಟರಿಗೆ 11 ಯೆನ್ ದಾಟಿತು. ಲೀಟರಿಗೆ 20 ಕಿಲೋಮೀಟರ್ ಕೊಡುವ ಸಣ್ಣ ಪೆಟ್ರೋಲ್ ಕಾರು, ಲೀಟರ್ 165 ಯೆನ್ ಇದ್ದಾಗ, 8 ಯೆನ್ನಿಗೆ ಅಷ್ಟು ದೂರ ಹೋಗುತ್ತದೆ. ಮನೆಯಲ್ಲಿ ಚಾರ್ಜ್ ಮಾಡಿದರೆ ಅದೇ ಇವಿಗೆ 4 ಯೆನ್ ಸಾಕು.

ಸಣ್ಣ ಕಾರಿನವರು ದೊಡ್ಡ ಕಾರಿನವರ ಕರೆಂಟಿಗೆ ಕಾಸು ಕೊಟ್ಟ ಹಾಗಾಯಿತು. ಅನ್ಯಾಯವೇ. ಮೇಲೆ ಹೇಳಿದ 2023ರ ಸರಕಾರಿ ಯೋಜನೆಯಲ್ಲೇ ಯೂನಿಟ್ ಲೆಕ್ಕಕ್ಕೆ ಬದಲಾಗಬೇಕು ಎಂಬ ಮಾತಿದೆ, ಬದಲಾವಣೆ ಶುರುವೂ ಆಗಿದೆ. ಇದರ ಮೇಲೆ ಸದಸ್ಯತ್ವ ಕಾರ್ಡಿನ ಮಾಸಿಕ ಶುಲ್ಕ ಬೇರೆ. ತಿಂಗಳಿಗೊಮ್ಮೆ ಹೆದ್ದಾರಿಗೆ ಹೋಗುವವರು ಆ ಶುಲ್ಕ ಕಟ್ಟುವ ಬದಲು, ದರ ಹೆಚ್ಚಾದರೂ ಸದಸ್ಯತ್ವವಿಲ್ಲದೆ ಆಗಾಗಿನ ಹಣ ಕೊಡುವುದೇ ಮೇಲು.

‘150 ಕಿಲೋವ್ಯಾಟ್ ಚಾರ್ಜರ್ ಸಿಕ್ಕಿತು, ಇನ್ನು ಹತ್ತು ನಿಮಿಷದ ಕೆಲಸ’

ಚಾರ್ಜಿಂಗ್ ಕಂಬದ ಮೇಲೆ ಬರೆದಿರುವುದು ಕಂಬದ ಶಕ್ತಿ. ಎಷ್ಟು ಬೇಕು ಎಂದು ಕೇಳುವುದು ಕಾರು. 2022ರಲ್ಲಿ ಬಂದು, ಆಮೇಲಿನ ವರ್ಷಗಳಲ್ಲಿ ಜಪಾನಿನಲ್ಲಿ ಅತಿ ಹೆಚ್ಚು ಮಾರಾಟವಾದ ಇವಿ ನಿಸ್ಸಾನ್ ಸಕುರಾ. ಅದರ ಬ್ಯಾಟರಿ 20 ಯೂನಿಟ್, ಫಾಸ್ಟ್ ಚಾರ್ಜಿಂಗಿನಲ್ಲಿ ತೆಗೆದುಕೊಳ್ಳುವುದು ಹೆಚ್ಚೆಂದರೆ 30 ಕಿಲೋವ್ಯಾಟ್. ಅದನ್ನು 150ರ ಕಂಬಕ್ಕೆ ಕಟ್ಟಿದರೂ 30ರಷ್ಟೇ ಕುಡಿಯುತ್ತದೆ. ಶೇಕಡಾ 80ಕ್ಕೆ ಬರಲು 40 ನಿಮಿಷ ಬೇಕೇ ಬೇಕು. ಆ 30 ಕೂಡ ಕೊನೆಯ ತನಕ ಇರುವುದಿಲ್ಲ. ಕೊಡದ ಕಂಠದ ತನಕ ನೀರು ಬಂದಾಗ ನಲ್ಲಿಯನ್ನು ಸಣ್ಣ ಮಾಡುವಂತೆ, ಬ್ಯಾಟರಿ ತುಂಬುತ್ತ ಬಂದ ಹಾಗೆ ಕಾರೇ ಕರೆಂಟನ್ನು ಇಳಿಸುತ್ತ ಹೋಗುತ್ತದೆ. 80 ದಾಟಿದ ಮೇಲೆ ನಿಮಿಷದ ಬಿಲ್ಲು ಓಡುತ್ತದೆ, ಶೇಕಡಾವಾರು ತೆವಳುತ್ತದೆ. ‘ಫುಲ್ ಮಾಡಿಕೊಂಡೇ ಹೊರಡೋಣ’ ಎಂದು ಕೂರುವುದರಷ್ಟು ದುಬಾರಿ ಚಟ ಇನ್ನೊಂದಿಲ್ಲ.

ಚಳಿಗಾಲದ ಬೆಳಗ್ಗೆ ಮಿದೋರಿ ವಾರ್ಡಿನ ಬೆಟ್ಟದೂರುಗಳಲ್ಲಿ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ತಣ್ಣಗಾದ ಬ್ಯಾಟರಿ ಇನ್ನೂ ನಿಧಾನ.

‘ಫಾಸ್ಟ್ ಚಾರ್ಜ್ ಮಾಡಿದರೆ ಬ್ಯಾಟರಿ ಬೇಗ ಸಾಯುತ್ತದೆ’

ಇದರಲ್ಲಿ ಒಂದು ಪಾಲು ನಿಜವಿದೆ. ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಗ್ರಾಫೈಟಿನ ಪದರಗಳ ಒಳಗೆ ಸೇರಿಕೊಳ್ಳಬೇಕು. ಒತ್ತಡ ಜಾಸ್ತಿಯಾದರೆ ಅಥವಾ ಬ್ಯಾಟರಿ ತೀರಾ ತಣ್ಣಗಿದ್ದರೆ ಕೆಲವು ಒಳಹೋಗಲಾರದೆ ಮೇಲ್ಮೈಯಲ್ಲೇ ಲೋಹವಾಗಿ ಕೂರುತ್ತವೆ, ಮತ್ತೆ ಕೆಲಸಕ್ಕೆ ಬರುವುದಿಲ್ಲ. ಇದನ್ನು ತಡೆಯಲೆಂದೇ ಕಾರಿನ ನಿಯಂತ್ರಣ ವ್ಯವಸ್ಥೆ ಕರೆಂಟನ್ನು ಅಳೆದು ಬಿಡುತ್ತದೆ. ಅಮೆರಿಕದ ಐಡಾಹೋ ನ್ಯಾಷನಲ್ ಲ್ಯಾಬೊರೇಟರಿಯವರು 2012ರ ಮಾದರಿಯ ನಾಲ್ಕು ಲೀಫ್ ಕಾರುಗಳನ್ನು ಅರಿಜೋನಾದ ಸುಡು ಬಿಸಿಲಿನ ಫೀನಿಕ್ಸ್ ನಗರದಲ್ಲಿ ಓಡಿಸಿ ನೋಡಿದರು. ಎರಡಕ್ಕೆ ಫಾಸ್ಟ್ ಚಾರ್ಜಿಂಗ್ ಮಾತ್ರ, ಎರಡಕ್ಕೆ ಸಾಧಾರಣ ಚಾರ್ಜಿಂಗ್ ಮಾತ್ರ. 50,000 ಮೈಲಿ, ಅಂದರೆ 80,000 ಕಿಲೋಮೀಟರ್ ಆದ ಮೇಲೆ ಎರಡೂ ಜೋಡಿ ತಮ್ಮ ಸಾಮರ್ಥ್ಯದ ಕಾಲುಭಾಗದಷ್ಟು ಕಳೆದುಕೊಂಡಿದ್ದವು. ಫಾಸ್ಟ್ ಚಾರ್ಜಿಂಗಿನವು ಸೋತದ್ದು ಹೆಚ್ಚು, ಆದರೆ ಕೆಲವೇ ಶೇಕಡಾ ಅಂಶದಷ್ಟು. ನಿಜವಾದ ವೈರಿ ಬಿಸಿಲು.

ಹಳೆಯ ಲೀಫ್‌ನ ಬ್ಯಾಟರಿಗೆ ದ್ರವದ ತಂಪು ವ್ಯವಸ್ಥೆ ಇರಲಿಲ್ಲ. ಒಂದೇ ದಿನದ ಪ್ರಯಾಣದಲ್ಲಿ ಎರಡು ಮೂರು ಸಲ ಫಾಸ್ಟ್ ಚಾರ್ಜ್ ಮಾಡಿದರೆ ಬ್ಯಾಟರಿ ಬಿಸಿಯೇರಿ, ಮುಂದಿನ ಚಾರ್ಜ್ ಆಮೆಯಾಗುತ್ತಿತ್ತು. 2018ರಲ್ಲಿ ಹಲವು ದೇಶಗಳ ಗ್ರಾಹಕರು ಇದರ ಮೇಲೆ ಗಲಾಟೆ ಎಬ್ಬಿಸಿದ್ದರು. 2025ರ ಮೂರನೇ ಪೀಳಿಗೆಯ ಲೀಫ್‌ಗೆ ದ್ರವದ ತಂಪು ಬಂದಿದೆ. ಹಳೆಯ ಕಾರು ಕೊಳ್ಳುವವರು ಈ ಒಂದು ವ್ಯತ್ಯಾಸ ನೋಡಿಕೊಂಡರೆ ಸಾಕು.

ಲಿಥಿಯಂ ಬ್ಯಾಟರಿಗೆ ವೇಗಕ್ಕಿಂತ ದೊಡ್ಡ ಅಪಾಯ ಯಾವುದು ಎಂಬುದಕ್ಕೆ ಸಗಮಿಹಾರಾದಲ್ಲೇ ಒಂದು ಕಥೆಯಿದೆ. ಇಲ್ಲಿನ ಚುಓ ವಾರ್ಡಿನಲ್ಲಿ ಜಪಾನ್ ಬಾಹ್ಯಾಕಾಶ ಸಂಸ್ಥೆ ‘ಜಾಕ್ಸಾ’ದ ಆವರಣ. ಮಣ್ಣಿನ ಮಾದರಿ ತರಲು ಇಟೊಕಾವಾ ಕ್ಷುದ್ರಗ್ರಹಕ್ಕೆ ಹೋಗಿದ್ದ ಹಯಬುಸಾ ನೌಕೆ 2005ರ ಡಿಸೆಂಬರಿನಲ್ಲಿ ಸಂಪರ್ಕ ಕಳೆದುಕೊಂಡಿತು. ಮತ್ತೆ ಮಾತಿಗೆ ಸಿಕ್ಕಾಗ ಅದರ ಲಿಥಿಯಂ-ಅಯಾನ್ ಬ್ಯಾಟರಿ ಪೂರ್ತಿ ಬರಿದಾಗಿ, 11 ಕೋಶಗಳಲ್ಲಿ 4 ಸತ್ತಿದ್ದವು. ಉಳಿದ 7ನ್ನು ಎಂಜಿನಿಯರುಗಳು 2006ರ ಜುಲೈಯಿಂದ ಸೆಪ್ಟೆಂಬರ್ ತನಕ ತೀರಾ ಸಣ್ಣ ಕರೆಂಟಿನಲ್ಲಿ, ಜೋಪಾನವಾಗಿ ತುಂಬಿಸಿದರು. ಆ ಶಕ್ತಿಯಿಂದಲೇ 2007ರ ಜನವರಿಯಲ್ಲಿ ಮಾದರಿ ಪೆಟ್ಟಿಗೆಯ ಮುಚ್ಚಳ ಮುಚ್ಚಿದ್ದು. 2010ರ ಜೂನ್ 13ರಂದು ಆ ಪೆಟ್ಟಿಗೆ ಆಸ್ಟ್ರೇಲಿಯಾದಲ್ಲಿ ಇಳಿಯಿತು. ಕಾರಿನವರಿಗೆ ಇದರಿಂದ ಆಗುವ ಪ್ರಯೋಜನ ಇಷ್ಟು: ಸೊನ್ನೆಗೆ ಇಳಿಸಿ ವಾರಗಟ್ಟಲೆ ನಿಲ್ಲಿಸಬೇಡಿ. ಅಪರೂಪದ ಫಾಸ್ಟ್ ಚಾರ್ಜಿಗೆ ಹೆದರಬೇಡಿ.

‘ಆ ಪೋರ್ಟ್ ಇರುವುದು ಚಾರ್ಜಿಗೆ ಮಾತ್ರ’

ನನ್ನ ದೃಷ್ಟಿಯಲ್ಲಿ 1,10,000 ಯೆನ್ನಿನ ಪ್ರಶ್ನೆ ತೀರ್ಮಾನವಾಗುವುದು ಇಲ್ಲಿ. ಜಪಾನಿನ ಫಾಸ್ಟ್ ಚಾರ್ಜಿಂಗ್ ಮಾನದಂಡ ‘ಚಾಡೆಮೋ’. ಅದರ ಪೋರ್ಟಿನಲ್ಲಿ ಕರೆಂಟ್ ಎರಡೂ ದಿಕ್ಕಿಗೆ ಹರಿಯಬಲ್ಲದು. ಕಾರಿನ ಬ್ಯಾಟರಿಯಿಂದ ಇಡೀ ಮನೆಗೆ ಕರೆಂಟ್ ಕೊಡುವ ಸಾಧನಗಳು ಜಪಾನಿನಲ್ಲಿ ಈ ಪೋರ್ಟಿಗೇ ಜೋಡಣೆಯಾಗುವುದು. ಪೋರ್ಟ್ ಬೇಡ ಎಂದವರು ಈ ಸೌಲಭ್ಯವನ್ನೂ ಬೇಡ ಎಂದ ಹಾಗೆ. ಅಂಗಡಿಯವರು ಇದನ್ನು ಮೊದಲು ಹೇಳಬೇಕು.

2019ರ ಅಕ್ಟೋಬರ್ 12ರ ರಾತ್ರಿ ಹಗಿಬಿಸ್ ಚಂಡಮಾರುತ ಸಗಮಿಹಾರಾದ ಪಶ್ಚಿಮ ಭಾಗವನ್ನು ತತ್ತರಿಸುವಂತೆ ಮಾಡಿತು. ಶಿರೋಯಾಮಾ ಅಣೆಕಟ್ಟಿನಿಂದ ತುರ್ತಾಗಿ ನೀರು ಬಿಡಬೇಕಾಯಿತು, ಮಿದೋರಿ ವಾರ್ಡಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು. ಅಂಥ ಕಡೆ ಮನೆ ಮಾಡಿಕೊಂಡವರಿಗೆ ಕರೆಂಟ್ ಹೋದಾಗ, ದಿನಕ್ಕೆ 10 ಯೂನಿಟ್ ಬಳಸುವ ಮನೆಯಾದರೆ, ತುಂಬಿದ ಎನ್-ವ್ಯಾನ್ ಎರಡು ದಿನಕ್ಕೂ ಹೆಚ್ಚಿನ ಕರೆಂಟು. ಮನೆಗೆ ಜೋಡಿಸುವ ಸಾಧನದ ಬೆಲೆ ಅಳವಡಿಕೆ ಸೇರಿ ಹತ್ತು ಲಕ್ಷ ಯೆನ್ ದಾಟುವುದೂ ಉಂಟು, ಸರಕಾರದ ಸಹಾಯಧನವೂ ಉಂಟು. ಫ್ರಿಜ್ ಮತ್ತು ದೀಪ ಉರಿದರೆ ಸಾಕು ಎನ್ನುವವರಿಗೆ ಎನ್-ವ್ಯಾನಿನ ಸಾಧಾರಣ ಪೋರ್ಟಿಗೇ ಹಾಕುವ 1500 ವ್ಯಾಟಿನ ಅಡಾಪ್ಟರ್ ಸಿಗುತ್ತದೆ. ಅವರಿಗೆ ದೊಡ್ಡ ಪೋರ್ಟ್ ಬೇಕಿಲ್ಲ.

‘ಫಾಸ್ಟ್ ಎಂದು ಬರೆದದ್ದೆಲ್ಲ ಫಾಸ್ಟ್’

ಇದು ಕರ್ನಾಟಕದ ಓದುಗರಿಗೆ. 2022ರಲ್ಲಿ ಬಂದ ಟಾಟಾ ಟಿಯಾಗೋ ಇವಿಯಲ್ಲಿ 3.3 ಕಿಲೋವ್ಯಾಟ್ ಚಾರ್ಜರಿನ ಬದಲು 7.2 ಕಿಲೋವ್ಯಾಟಿನದು ಬೇಕೆಂದರೆ ಆಗ 50,000 ರೂಪಾಯಿ ಹೆಚ್ಚು ಕೊಡಬೇಕಿತ್ತು. ಇದು ಮನೆಯ ಎಸಿ ಚಾರ್ಜಿಂಗ್. ಹೆದ್ದಾರಿಯ ಡಿಸಿ ಫಾಸ್ಟ್ ಚಾರ್ಜಿಂಗ್ ಆ ಕಾರಿಗೆ ಬೇರೆಯಾಗಿಯೇ ಇದೆ, 10ರಿಂದ 80ಕ್ಕೆ ಸುಮಾರು 57 ನಿಮಿಷ. ಎಂಜಿ ಕಾಮೆಟ್‌ಗೆ 2024ರಲ್ಲಿ ‘ಎಫ್‌ಸಿ’ ಎಂಬ ಮಾದರಿಗಳು ಬಂದವು. ಫಾಸ್ಟ್ ಚಾರ್ಜಿಂಗ್ ಎಂದು ಅಲ್ಲಿ ಕರೆದದ್ದು 7.4 ಕಿಲೋವ್ಯಾಟಿನ ಎಸಿ ಚಾರ್ಜಿಂಗನ್ನು, ಪೂರ್ತಿ ತುಂಬಲು ಮೂರೂವರೆ ಗಂಟೆ. ದಿನಕ್ಕೆ 40 ಕಿಲೋಮೀಟರ್ ಓಡಿಸುವ, ರಾತ್ರಿಯೆಲ್ಲ ಮನೆಯ 15 ಆಂಪಿಯರ್ ಪ್ಲಗ್ಗಿನಲ್ಲಿ ಕಾರು ನಿಲ್ಲಿಸುವ ಬೆಂಗಳೂರಿನವರಿಗೆ ಆ 50,000 ದಂಡ ಎಂದೇ ನನ್ನ ಅಭಿಪ್ರಾಯ. ಹಗಲೂ ರಾತ್ರಿ ಓಡುವ ಟ್ಯಾಕ್ಸಿಯವರ ಮಾತು ಬೇರೆ.

ಶೋರೂಮಿಗೆ ಹೋದಾಗ ಕಂಬದ ಕಿಲೋವ್ಯಾಟ್ ಬಿಟ್ಟು ಮೂರು ವಿಷಯ ಬರೆಸಿಕೊಳ್ಳಿ: ಈ ಕಾರು ಡಿಸಿಯಲ್ಲಿ ಗರಿಷ್ಠ ಎಷ್ಟು ತೆಗೆದುಕೊಳ್ಳುತ್ತದೆ, 10ರಿಂದ 80ಕ್ಕೆ ಎಷ್ಟು ನಿಮಿಷ, ಪೋರ್ಟಿನಿಂದ ಮನೆಗೆ ಕರೆಂಟ್ ವಾಪಸ್ ಬರುತ್ತದೆಯೇ. ಸಗಮಿಹಾರಾದ ಬೆಟ್ಟದ ಬದಿಯಲ್ಲಿ ಸ್ವಂತ ಮನೆಯಿದ್ದು, ಇರುವುದು ಒಂದೇ ಕಾರಾದರೆ 1,10,000 ಯೆನ್ ಕೊಟ್ಟುಬಿಡಿ. ಮನೆಯಲ್ಲಿ ಇನ್ನೊಂದು ಪೆಟ್ರೋಲ್ ಕಾರಿದ್ದು, ಇವಿ ಊರೊಳಗೆ ಮಾತ್ರ ಓಡುವುದಾದರೆ ಆ ಹಣದಲ್ಲಿ ಗೋಡೆಗೆ 200 ವೋಲ್ಟಿನ ಪ್ಲಗ್ ಹಾಕಿಸಿಕೊಳ್ಳಿ.